ಒದ್ದೆ ಬೈರಾಸ

ವೆಲ್ಡಿಂಗ್ ಮಾಡುವವನ ಕಾಲಲ್ಲಿ ಬೂಟು ಕಂಡರೆ ನಗುವ ಊರು ನಮ್ಮದು. ತೊಂಬತ್ತೇಳರಲ್ಲಿ ನಾನು ಬೊಂಬಾಯಿ ಬಿಟ್ಟು ನಾವುಂದಕ್ಕೆ ಬಂದಾಗ ಜೊತೆಗೆ ತಂದದ್ದು ಮೂರೇ ಸಾಮಾನು. ಇಬ್ಬರು ಎತ್ತಬಹುದಾದ ಒಂದು ಸಣ್ಣ ವೆಲ್ಡಿಂಗ್ ಮಿಷನ್, ಮೊಣಕೈವರೆಗೆ ಬರುವ ಒಂದು ಜೊತೆ ಚರ್ಮದ ಗ್ಲೌಸು, ದಪ್ಪ ರಬ್ಬರ್ ಅಟ್ಟೆಯ ಬೂಟು. ಮಿಷನ್ ನೋಡಲು ಅರ್ಧ ಊರೇ ಬಂತು. ಗ್ಲೌಸು, ಬೂಟು ನೋಡಿ ಆ ಅರ್ಧ ಊರೂ ನಕ್ಕಿತು. ಮೇ ತಿಂಗಳ ಸೆಕೆಯಲ್ಲಿ ಬೂಟು ಹಾಕುವವನನ್ನು ಬೊಂಬಾಯಿ ಸಾಹೇಬ ಎಂದು ಕರೆದರು. ನಾಲ್ಕು ವರ್ಷ ಆ ಹೆಸರು ನನ್ನ ಬೆನ್ನು ಬಿಡಲಿಲ್ಲ.

ಆ ಬೂಟು ಶೋಕಿಗಲ್ಲ ಎಂದು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಬೊಂಬಾಯಿಯ ಹಡಗುಕಟ್ಟೆಯ ಹತ್ತಿರದ ಶೆಡ್ಡಿನಲ್ಲಿ ನನಗೆ ಕೆಲಸ ಕಲಿಸಿದ ಉಸ್ತಾದ್, ಬೆವರಿದ ಬರಿಗೈಯಲ್ಲಿ ರಾಡ್ ಬದಲಿಸಿದೆನೆಂದು ಒಂದು ದಿನ ಎಲ್ಲರೆದುರೇ ನನ್ನ ಕೆನ್ನೆಗೆ ಬಾರಿಸಿದ್ದ. ಬೆವರಿದ ಕೈಯೂ ಒದ್ದೆ ಕೈಯೇ ಎನ್ನುವುದು ಅವನ ಪಾಠ. ಕಿಡಿ ಹಾರುವಾಗ ಜನ ಹೆದರಿ ದೂರ ನಿಲ್ಲುತ್ತಾರೆ, ಕಿಡಿ ನಿಂತ ಕೂಡಲೇ ಹತ್ತಿರ ಬರುತ್ತಾರೆ. ಅಪಾಯ ಇರುವುದು ಆಗಲೇ. ಮಿಷನ್ ಗುಂಯ್‌ಗುಡುತ್ತ ಆನ್ ಇದ್ದು, ಕಿಡಿ ಹತ್ತದೆ ಸುಮ್ಮನಿರುವಾಗ ರಾಡಿನ ತುದಿಯಲ್ಲಿ ಕರೆಂಟಿನ ಒತ್ತಡ ಹೆಚ್ಚು. ಕಿಡಿ ಹತ್ತಿದ ಮೇಲೆ ಅದು ಇಳಿಯುತ್ತದೆ. ಒಣ ಮೈಗೆ ಸುಮ್ಮನೆ ಜುಂ ಎನ್ನುವ ಕರೆಂಟು ಅದು. ಅದೇ ಒದ್ದೆ ಮೈಗೆ, ಒದ್ದೆ ನೆಲದ ಮೇಲಿನ ಬರಿಗಾಲಿಗೆ ಯಮ. ಗೋಡೆಯ ಪ್ಲಗ್ಗಿನ ಕರೆಂಟಿಗಿಂತ ಇದು ಕಡಿಮೆಯಲ್ಲವೋ, ಇದರಿಂದ ಎಂತ ಆಗುತ್ತದೆ ಎಂದು ವಾದ ಹೂಡುವ ಬುದ್ಧಿವಂತರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಇಲ್ಲಿಯವರ ಕೆಲಸ ಕಂಡರೆ ನನಗೆ ಮೈ ಉರಿಯುತ್ತಿತ್ತು, ಈಗಲೂ ಉರಿಯುತ್ತದೆ. ಮೂರು ಪಿನ್ನಿನ ಪ್ಲಗ್ ಹೋಗುವುದಿಲ್ಲವೆಂದು ಅರ್ಥಿಂಗ್ ಪಿನ್ನನ್ನೇ ಕಿತ್ತು ಬಿಸಾಡುತ್ತಿದ್ದರು. ರಾಡ್ ಸಿಕ್ಕಿಸುವ ಹೋಲ್ಡರಿನ ಹಿಡಿ ಒಡೆದು ತಾಮ್ರ ಹಲ್ಲು ಕಿಸಿಯುತ್ತಿದ್ದರೆ ಅದಕ್ಕೆ ಸೈಕಲ್ ಟ್ಯೂಬಿನ ಚೂರು ಸುತ್ತಿ ಮುಗಿಸುತ್ತಿದ್ದರು. ಮಿಷನ್ನಿನಿಂದ ಬರುವ ಇನ್ನೊಂದು ವಯರನ್ನು ಬೆಸೆಯುವ ಕಬ್ಬಿಣಕ್ಕೇ ಕಚ್ಚಿಸಬೇಕು. ಅದನ್ನು ಬಿಟ್ಟು ಬಾವಿಯ ರಾಟೆ ಕಟ್ಟಿದ ಪೈಪಿಗೆ ಸಿಕ್ಕಿಸಿದ್ದನ್ನೂ ನಾನು ಕಣ್ಣಾರೆ ಕಂಡಿದ್ದೇನೆ, ಆ ಮನೆಯ ಹೆಂಗಸು ಕೊಡಪಾನ ಹಿಡಿದು ಅತ್ತಲೇ ಬರುತ್ತಿದ್ದಳು. ಅವತ್ತು ನಾನು ಬೊಬ್ಬೆ ಹೊಡೆದ ರೀತಿಗೆ ಆ ಮನೆಯವರು ಮತ್ತೆ ನನ್ನನ್ನು ಕೆಲಸಕ್ಕೆ ಕರೆಯಲಿಲ್ಲ. ಮೂಗಿನ ತುದಿಯಲ್ಲಿ ಸಿಟ್ಟು ಇರುವವನು ಎಂದು ಊರು ತೀರ್ಮಾನಿಸಿತು. ಇರಲಿ, ಸಿಟ್ಟು ಬರುವವನಿಗೆ ಸಿಟ್ಟುಮಾರಿ ಎಂದರೆ ತಪ್ಪೇನಲ್ಲ.

ನನ್ನ ಅಣ್ಣ ಹಾಗಲ್ಲ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು. ಬೋಟಿನಲ್ಲಿ ಬಲೆ ಎಳೆದು ಎಳೆದು ಸೊಂಟ ಹೋದ ಮೇಲೆ ಕಡಲಿಗೆ ಹೋಗುವುದು ಬಿಟ್ಟು ನನ್ನ ಜೊತೆ ಸೇರಿದ. ಮನೆಯ ಹಿಂದೆ ಇಳಿಸಿದ ಹಂಚಿನ ಮಾಡಿನ ಅಡಿಯಲ್ಲಿ ಕಿಟಕಿಯ ಗ್ರಿಲ್ಲು, ಗೇಟು, ಬೋಟಿನ ಇಂಜಿನ್ ಕೂರಿಸುವ ಚೌಕಟ್ಟು ಎಲ್ಲ ಮಾಡುತ್ತಿದ್ದೆವು. ಆರು ತಿಂಗಳಲ್ಲಿ ಅವನ ಕೈ ನನ್ನ ಕೈಯನ್ನು ಮೀರಿಸಿತು. ಅವನು ಎಳೆದ ಬೆಸುಗೆಯ ಗೆರೆ ನೋಡಿದರೆ ನನಗೇ ಹೊಟ್ಟೆಕಿಚ್ಚಾಗುತ್ತಿತ್ತು. ನಾನು ಹೇಳಿದ್ದನ್ನೆಲ್ಲ ಕೇಳುತ್ತಿದ್ದ, ಬೂಟು ಹಾಕು ಎಂದರೆ ಹಾಕುತ್ತಿದ್ದ. ತೊಂದರೆ ಏನೆಂದರೆ ಬೇರೆಯವರು ಹೇಳಿದ್ದನ್ನೂ ಅಷ್ಟೇ ಕೇಳುತ್ತಿದ್ದ. ಇಲ್ಲ ಎನ್ನುವ ಮಾತು ಅವನ ಬಾಯಲ್ಲಿ ಹುಟ್ಟುತ್ತಲೇ ಇರಲಿಲ್ಲ. ತಡವಾಗಿ ಮದುವೆಯಾಗಿದ್ದ, ಎರಡು ವರ್ಷದ ಮಗಳಿದ್ದಳು.

ನಮ್ಮ ಕುಟುಂಬದ ಮೂಲ ನಾಗಬನ ಇರುವುದು ಕೊಕ್ಕರ್ಣೆಯ ಕಡೆ, ಗದ್ದೆಗಳ ನಡುವೆ ನಾಲ್ಕು ಮರ, ಸುತ್ತ ಮುರಕಲ್ಲಿನ ಗೋಡೆ. ವರ್ಷಕ್ಕೊಮ್ಮೆ ನಾಗರ ಪಂಚಮಿಗೆ ಹೋಗಿ ಹಾಲು, ಎಳನೀರು ಎರೆದು ಬರುತ್ತೇವೆ. ತನು ಎರೆಯುವುದು ಎನ್ನುತ್ತಾರೆ ಅದಕ್ಕೆ. ಆ ವರ್ಷ ಬೊಂಬಾಯಿಯಲ್ಲಿ ಹೋಟೆಲು ಇಟ್ಟ ನೆಂಟರೊಬ್ಬರು ಬನಕ್ಕೆ ಕಬ್ಬಿಣದ ಗೇಟು ಕೊಟ್ಟರು. ತಂದು ನಿಲ್ಲಿಸಿದರೆ ಗೋಡೆಯಲ್ಲಿ ಹುಗಿದಿದ್ದ ಹಳೆಯ ಚೌಕಟ್ಟಿಗೆ ಅದರ ತಿರುಗಣಿ ಕೂರುತ್ತಿಲ್ಲ. ಅಲ್ಲಿಯೇ ನಿಂತು ಬೆಸೆಯಬೇಕು. ಪಂಚಮಿಗೆ ಉಳಿದದ್ದು ಮೂರು ದಿನ. ಕುಟುಂಬದ ಹಿರಿಯರಾದ ದೊಡ್ಡಪ್ಪ ನಮ್ಮ ಮನೆಗೆ ಬಂದರು.

ಅವರು ಹೇಳಿದ ಕ್ರಮ ಹೀಗಿತ್ತು. ಹಿಂದಿನ ದಿನದಿಂದ ಮೀನು ಮುಟ್ಟಬಾರದು. ಬನದ ಎದುರಿನ ಬಾವಿಯಲ್ಲಿ ಸ್ನಾನ ಮಾಡಿ, ಮೈ ಒರೆಸುವ ಬೈರಾಸವನ್ನೇ ಒದ್ದೆಯಾಗಿ ಉಟ್ಟು, ಇನ್ನೊಂದನ್ನು ಹೆಗಲಿಗೆ ಹಾಕಿ, ಅದೇ ಒದ್ದೆಯಲ್ಲಿ ಕೆಲಸ ಮುಗಿಸಬೇಕು. ಒಣ ಬಟ್ಟೆ ಎಷ್ಟು ಒಗೆದದ್ದಾದರೂ ಯಾರು ಮುಟ್ಟಿದ್ದೋ ಗೊತ್ತಿಲ್ಲ. ಮೀಯುವಾಗ ಮೈಮೇಲಿದ್ದ ಒದ್ದೆ ಬಟ್ಟೆಯೇ ಶುದ್ಧ. ಕಾಲಿಗೆ ಏನೂ ಇರಬಾರದು, ಕೈಗೆ ಚರ್ಮ ತಾಗಬಾರದು.

ನಾನು ಆಗುವುದಿಲ್ಲ ಎಂದೆ. ಆಟಿ ತಿಂಗಳ ಮಳೆ, ತನು ಎರೆದು ಎರೆದು ಪಾಚಿ ಕಟ್ಟಿದ ಕಲ್ಲು, ಬರಿಗಾಲು, ಒದ್ದೆ ಬಟ್ಟೆ. ಮಿಷನ್ನಿನ ಹತ್ತಿರ ಯಾವುದು ಇರಬಾರದೋ ಅದನ್ನೆಲ್ಲ ಹುಡುಕಿ ಹುಡುಕಿ ಒಟ್ಟು ಮಾಡಿದ ಹಾಗಿತ್ತು ಅವರ ಕ್ರಮ. ಬೂಟು, ಗ್ಲೌಸು ಇಲ್ಲದೆ ನಾನು ಹೋಲ್ಡರ್ ಮುಟ್ಟುವುದಿಲ್ಲ ಎಂದು ಹೇಳಿಬಿಟ್ಟೆ.

ದೊಡ್ಡಪ್ಪ ನನ್ನ ಮುಖ ನೋಡಲಿಲ್ಲ. ಅಣ್ಣನ ಕಡೆ ತಿರುಗಿದರು. "ಕಾಲಿಗೆ ಮೆಟ್ಟು, ಕೈಗೆ ಚರ್ಮ ಹಾಯ್ಕಂಡ್ ನಾಗನ ಎದ್ರ್ ನಿಲ್ಲುಕಾತ್ತಾ?" ಎಂದು ಅವನನ್ನು ಕೇಳಿದರು.

ಅಣ್ಣ ಆ ಕೆಲಸಕ್ಕೇ ಇಲ್ಲ ಎನ್ನಬೇಕಾದ ಕಡೆ, ನೀವು ಹೇಳಿದ ಹಾಗೆಯೇ ಮಾಡುತ್ತೇನೆ ಎಂದ. ನಾಗನ ಕೆಲಸ, ನಾಗನೇ ನೋಡಿಕೊಳ್ಳುತ್ತಾನೆ ಎಂದು ಹೇಳಿ ದೊಡ್ಡಪ್ಪ ಚಹಾ ಕುಡಿದು ಹೋದರು. ಅವರು ಅಂಗಳದ ಬೇಲಿಯ ದಣಪೆ ದಾಟುವವರೆಗೂ ನಾನು ಹಲ್ಲು ಕಚ್ಚಿಕೊಂಡಿದ್ದೆ. ಆಮೇಲೆ ಅಣ್ಣನ ಮೇಲೆ ಹರಿಹಾಯ್ದೆ. ನನ್ನನ್ನು ಮೂರು ಕಾಸಿಗೆ ಕಡೆ ಮಾಡಿದೆ, ಇಷ್ಟು ವರ್ಷ ನಾನು ಕಲಿಸಿದ್ದನ್ನು ಒಂದು ಲೋಟ ಚಹಾಕ್ಕೆ ಮಾರಿದೆ ಎಂದೆಲ್ಲ ಕೂಗಾಡಿದೆ. ಅತ್ತಿಗೆ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

"ಎರಡ್ ಬೆಸುಗೆ ಟಾಕಾ ಹಾಕ್ರೆ ಮುಗೀತ್ ಮಾರಾಯ. ನಾನ್ ಹೋಯ್ ಬತ್ತೆ," ಎಂದ ಅಣ್ಣ.

"ಹಾಂಗಾರೆ ಹೋಗ್. ನಿನ್ನ್ ನಾಗನೇ ಕಾಯ್ಲಿ," ಎಂದೆ ನಾನು.

ಮರುದಿನ ಬೆಳಿಗ್ಗೆ ಟೆಂಪೊ ಬಂದಾಗ ಮಿಷನ್ ಎತ್ತಿಕೊಡಲು ಕೈ ಸೇರಿಸಿದವನು ನಾನೇ. ವಯರಿನ ಸುರುಳಿ, ರಾಡಿನ ಪ್ಯಾಕೆಟ್ಟು, ಮುಖದ ಗ್ಲಾಸು ಎಲ್ಲ ಇಟ್ಟೆ. ಒಂದು ಮಾತೂ ಆಡಲಿಲ್ಲ. ಅಣ್ಣ ಟೆಂಪೊದ ಹಿಂದಿನಿಂದ ಕೈ ಎತ್ತಿದ, ನಾನು ಕಾಣದವನ ಹಾಗೆ ಒಳಗೆ ಬಂದೆ.

ಅಲ್ಲಿ ನಡೆದದ್ದನ್ನು ಗೇಟು ಹಿಡಿದು ನಿಂತಿದ್ದ ದೊಡ್ಡಪ್ಪನ ಮಗ ನನಗೆ ಆಮೇಲೆ ಹೇಳಿದ. ಹತ್ತಿರದ ಮನೆಯ ಪಂಪಿನ ಶೆಡ್ಡಿನಿಂದ ಕರೆಂಟು ಎಳೆದಿದ್ದರು. ಮೇಲಿನ ತಿರುಗಣಿ ಸರಿಯಾಗಿ ಕೂತಿತು. ಅಷ್ಟರಲ್ಲಿ ಹನಿ ಬಿತ್ತು. ಕೆಳಗಿನದಕ್ಕೆ ಹೊಸ ರಾಡ್ ಹಾಕಿದ ಅಣ್ಣ, ಗೇಟು ಸ್ವಲ್ಪ ಎತ್ತಿ ಹಿಡಿಯಲು ಎರಡೂ ಕೈ ಬೇಕಾಯಿತೆಂದು, ಹೋಲ್ಡರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. ಒದ್ದೆ ಬೈರಾಸದ ಮೇಲೆ. ಮಿಷನ್ ಆನ್ ಇತ್ತು. ಇನ್ನೊಂದು ವಯರು ಕಚ್ಚಿಸಿದ್ದ ಗೇಟಿನ ಮೇಲೆಯೇ ಅವನ ಎರಡೂ ಕೈ ಇದ್ದವು.

ಅವನ ಮೈ ನಡುಗತೊಡಗಿತು. ಗಂಟಲಿನಿಂದ ಬುಸ್ ಎನ್ನುವಂಥ ಸ್ವರ ಬಂತು. ಕತ್ತು ಒಂದು ಕಡೆ ತಿರುಗಿತು, ಕಣ್ಣು ಮೇಲೆ ಹೋಯಿತು.

ಅಲ್ಲಿ ಆರು ಜನ ಗಂಡಸರಿದ್ದರು. ದರ್ಶನ ಬಂತು ಎಂದುಕೊಂಡರು. ನಾಗ ಅವನ ಮೈಮೇಲೆ ಬಂದದ್ದೆಂದು ತಿಳಿದು, ಆರೂ ಜನ ಕೈಮುಗಿದು ನಿಂತರು. ದೊಡ್ಡಪ್ಪ ತಪ್ಪಾಗಿದ್ದರೆ ಕ್ಷಮಿಸಬೇಕು, ನಮ್ಮಿಂದ ಎಂತ ಆಗಬೇಕು ಎಂದು ಕೇಳಿಕೊಂಡರಂತೆ. ನನ್ನ ಅಣ್ಣ ಸಾಯುತ್ತಿದ್ದ, ಅವರು ಅವನ ಹತ್ತಿರ ನಾಗನ ನುಡಿ ಕೇಳುತ್ತಿದ್ದರು.

ಎಷ್ಟು ಹೊತ್ತು ನಿಂತಿದ್ದಿರಿ ಎಂದು ದೊಡ್ಡಪ್ಪನ ಮಗನನ್ನು ಅಂಗಿ ಹಿಡಿದು ಕೇಳಿದ್ದೇನೆ. ಸ್ವಲ್ಪ ಹೊತ್ತು ಎಂದ. ಸ್ವಲ್ಪ ಎಂದರೆ ಎಷ್ಟು ಎಂದು ಮತ್ತೆ ಕೇಳಿದೆ. ಅವನು ಅತ್ತ. ಪಂಪಿನ ಶೆಡ್ಡಿನ ಮನೆಯ ಹೆಂಗಸು ಬಟ್ಟೆ ತೆಗೆಯಲು ಹೊರಗೆ ಬಂದವಳು ಗೋಡೆಯ ಆಚೆಯಿಂದಲೇ ನೋಡಿ, ಓಡಿಹೋಗಿ ಪ್ಲಗ್ ಎಳೆದಳಂತೆ. ಆಗ ಅಣ್ಣ ಬಿದ್ದ. ಆರು ಗಂಡಸರ ತಲೆಗೆ ಹೊಳೆಯದ್ದು ಅವಳಿಗೆ ಹೊಳೆಯಿತು. ಆಸ್ಪತ್ರೆ ಮುಟ್ಟುವಾಗ ಜೀವ ಇರಲಿಲ್ಲ.

ಹದಿಮೂರನೆಯ ದಿನ ಕಳೆದ ಮೇಲೆ ಜೋಯಿಸರನ್ನು ಕರೆಸಿ ಪ್ರಶ್ನೆ ಇಡಿಸಿದರು. ನಾಗನ ಸನ್ನಿಧಿಯಲ್ಲಿ ಜೀವ ಹೋಗಿದೆ, ಕಾರಣ ಗೊತ್ತಾಗದೆ ಮುಂದಿನ ಕೆಲಸ ಮಾಡುವಂತಿಲ್ಲ ಎಂದು ಇಡೀ ಕುಟುಂಬ ನೆರೆದಿತ್ತು. ಕವಡೆ ಸರಿಸಿ ನೋಡಿದವರು ಅಶುದ್ಧಿ ಕಾಣುತ್ತದೆ ಎಂದರು, ಅದು ಸತ್ತವನದ್ದಲ್ಲ, ಅವನ ಮನೆಯ ಹೆಣ್ಣಿನ ಕಡೆಯದ್ದು ಎಂದರು. ಅಷ್ಟೂ ಜನರ ಕಣ್ಣು ಮೂಲೆಯಲ್ಲಿ ಕುಳಿತ ಅತ್ತಿಗೆಯ ಮೇಲೆ ಬಿತ್ತು. ಅವಳು ತಲೆ ಎತ್ತಲಿಲ್ಲ.

ನಾನು ಎದ್ದು ನಿಂತೆ. ಅಶುದ್ಧಿಯೂ ಇಲ್ಲ, ಮಣ್ಣೂ ಇಲ್ಲ, ನೀವು ಉಡಿಸಿದ ಒದ್ದೆ ಬೈರಾಸ ಅವನನ್ನು ಕೊಂದದ್ದು ಎಂದು ಹೇಳಲು ಬಾಯಿ ತೆಗೆದೆ. ಬೈರಾಸ ಎಂಬ ಮಾತು ಹೊರಡುವಷ್ಟರಲ್ಲಿ ದೊಡ್ಡಪ್ಪ ನನ್ನ ಕಡೆ ತಿರುಗಿದರು.

"ಅಷ್ಟ್ ಗೊತ್ತಿಪ್ಪನ್ ನೀ ಎಂತಕ್ ಹೋಯ್ಲಿಲ್ಲ?" ಎಂದು ಕೇಳಿದರು.

ನಾನು ಕುಳಿತೆ. ಊರಿಗೆಲ್ಲ ಬೊಬ್ಬೆ ಹೊಡೆಯುವ ಬಾಯಿ ಅವತ್ತು ಮುಚ್ಚಿತು.

ಯಾಕೆ ಮುಚ್ಚಿತು ಎಂದು ಹೇಳುತ್ತೇನೆ. ದೊಡ್ಡಪ್ಪನ ಕ್ರಮದಲ್ಲಿ ಚರ್ಮಕ್ಕೆ ಅಡ್ಡಿಯಿತ್ತು, ಮೆಟ್ಟಿಗೆ ಅಡ್ಡಿಯಿತ್ತು. ಮರಕ್ಕೆ ಅಡ್ಡಿಯಿರಲಿಲ್ಲ. ಒಂದು ಒಣ ಹಲಸಿನ ಹಲಗೆಯನ್ನು ತೊಳೆದು ಒಣಗಿಸಿ ಟೆಂಪೊದಲ್ಲಿ ಇಟ್ಟುಕೊಟ್ಟಿದ್ದರೆ, ಅದರ ಮೇಲೆ ನಿಂತು ಬೆಸಿ ಎಂದು ಹೇಳಿದ್ದರೆ, ಹೆಗಲಿನ ಬೈರಾಸವನ್ನಾದರೂ ತೆಗೆದಿಡು ಎಂದಿದ್ದರೆ, ಕೈ ಬೇರೆ ಕೆಲಸಕ್ಕೆ ಹೋಗುವ ಮೊದಲು ಮಿಷನ್ ಆಫ್ ಮಾಡಲು ಸ್ವಿಚ್ಚಿನ ಹತ್ತಿರ ಒಬ್ಬನನ್ನು ನಿಲ್ಲಿಸಿಕೋ ಎಂದಿದ್ದರೆ. ಅಷ್ಟನ್ನೂ ಮಾಡಿದರೆ ಕೆಲಸ ಪೂರ್ತಿ ಕ್ಷೇಮವಾಗುತ್ತಿತ್ತು ಎಂದು ಹೇಳುತ್ತಿಲ್ಲ. ಮಳೆಯಲ್ಲಿ ಆ ಕೆಲಸ ಮಾಡಲೇಬಾರದಿತ್ತು. ಆದರೆ ಅವನು ಹೋಗುವುದು ಖಂಡಿತ ಎಂದು ಗೊತ್ತಾದ ಮೇಲೂ ನಾನು ತುಟಿ ಬಿಚ್ಚಲಿಲ್ಲ. ಹಿಂದಿನ ದಿನದ ಸಿಟ್ಟು ಇನ್ನೂ ಇಳಿದಿರಲಿಲ್ಲ. ಒಂದು ಸಣ್ಣ ಜುಂ ಹೊಡೆದರೆ ಬುದ್ಧಿ ಬರುತ್ತದೆ ಎಂದುಕೊಂಡಿದ್ದೆ. ಹೌದು, ಹಾಗೆಯೇ ಅಂದುಕೊಂಡಿದ್ದೆ.

ಅತ್ತಿಗೆ ತವರಿಗೆ ಹೋಗಲಿಲ್ಲ. ನನಗೆ ಮದುವೆ ಇರಲಿಲ್ಲ, ಅಮ್ಮ ಇದ್ದಳು, ನಾವು ನಾಲ್ಕು ಜನ ಅದೇ ಮನೆಯಲ್ಲಿ ಉಳಿದೆವು. ಅತ್ತಿಗೆ ಬನಕ್ಕೆ ಹೋಗುವುದನ್ನು ಬಿಟ್ಟಳು, ಪಂಚಮಿಯ ದಿನ ನೀರೂ ಕುಡಿಯುತ್ತಿರಲಿಲ್ಲ. ಒಂದು ಸಲ ಅವಳು ಅಮ್ಮನ ಹತ್ತಿರ ಹೇಳುತ್ತಿದ್ದುದು ಕಿವಿಗೆ ಬಿತ್ತು. ಅಣ್ಣ ಸತ್ತ ಮರುದಿನ ಅವಳಿಗೆ ತಿಂಗಳ ಮುಟ್ಟು ಆಗಿತ್ತಂತೆ. ಬಹುಶಃ ಹಿಂದಿನ ದಿನ ಬೆಳಿಗ್ಗೆಯೇ ಶುರುವಾಗಿತ್ತೇನೋ, ತನಗೆ ತಿಳಿಯಲಿಲ್ಲವೇನೋ, ಅದೇ ಕೈಯಲ್ಲಿ ಅವರಿಗೆ ಚಹಾ ಕೊಟ್ಟು ಬನಕ್ಕೆ ಕಳಿಸಿದೆ ಎಂದು ಹೇಳುತ್ತಿದ್ದಳು. ನಾನು ಮಾಡಿನ ಕೆಳಗೆ ಹೋಗಿ ಸುತ್ತಿಗೆ ತೆಗೆದುಕೊಂಡು ಒಂದು ಕಬ್ಬಿಣದ ಪಟ್ಟಿಯನ್ನು ಸುಮ್ಮನೆ ಬಡಿಯುತ್ತ ಕುಳಿತೆ. ಅವಳ ಹತ್ತಿರ ಹೋಗಿ ಅದು ಸುಳ್ಳು ಎನ್ನಲು ನಾಲ್ಕು ಹೆಜ್ಜೆ ಸಾಕಿತ್ತು. ಸುಳ್ಳು ಎಂದರೆ ನಿಜ ಯಾವುದು ಎಂದು ಕೇಳುತ್ತಿದ್ದಳಲ್ಲ.

ಹೀಗೆ ಹನ್ನೊಂದು ವರ್ಷ ಹೋಯಿತು. ಬನದ ಜೀರ್ಣೋದ್ಧಾರ ಎಂದು ಕುಟುಂಬ ಹೊರಟಿತು. ಹೊಸ ಕಟ್ಟೆ, ಗ್ರಾನೈಟು, ಸುತ್ತ ಸ್ಟೀಲಿನ ಕಟಾಂಜನ. ಕೆಲಸ ಗುತ್ತಿಗೆಗೆ ಕೊಟ್ಟಿದ್ದರು. ನನಗೆ ಹೋಗುವ ಮನಸ್ಸಿರಲಿಲ್ಲ, ಆದರೆ ಬ್ರಹ್ಮಾವರಕ್ಕೆ ಕಬ್ಬಿಣ ತರಲು ಹೋದವನು ಯಾಕೋ ಆ ಕಡೆ ಬೈಕ್ ತಿರುಗಿಸಿದೆ. ಹೋಗಿ ನೋಡುತ್ತೇನೆ, ಬನದ ಒಳಗೆ, ನಾಗನ ಕಲ್ಲಿಗೆ ಮೂರು ಮಾರು ದೂರದಲ್ಲಿ, ಇಬ್ಬರು ಹೊರ ರಾಜ್ಯದ ಕೆಲಸದವರು ವೆಲ್ಡಿಂಗ್ ಮಾಡುತ್ತಿದ್ದಾರೆ. ಕಾಲಿಗೆ ಬೂಟು, ಕೈಗೆ ಚರ್ಮದ ಗ್ಲೌಸು, ಬಾಯಲ್ಲಿ ಗುಟ್ಕಾ.

ದೊಡ್ಡಪ್ಪ ಆಗಲೇ ತೀರಿಹೋಗಿದ್ದರು. ಅವರ ಮಗ, ಅವತ್ತು ಗೇಟು ಹಿಡಿದವನೇ, ಛತ್ರಿ ಹಿಡಿದು ಉಸ್ತುವಾರಿ ನೋಡುತ್ತಿದ್ದ. ಇದು ಹೇಗೆ ಎಂದು ಕೇಳಿದೆ. ಅವನು ಬಹಳ ಸಲೀಸಾಗಿ ಉತ್ತರ ಕೊಟ್ಟ. ಅವರಿಗೆ ಬೂಟು ತೆಗೆಯಿರಿ ಎಂದರೆ ಕೆಲಸ ಬಿಟ್ಟು ಹೋಗುತ್ತಾರೆ. ಕೆಲಸ ಎಲ್ಲ ಮುಗಿದ ಮೇಲೆ ಭಟ್ಟರು ಒಂದು ಶುದ್ಧ ಕಲಶ ಮಾಡುತ್ತಾರೆ, ಅಲ್ಲಿಗೆ ಎಲ್ಲ ಸರಿಯಾಗುತ್ತದೆ, ಅದು ಮೊದಲಿನಿಂದಲೂ ಇರುವ ಕ್ರಮವೇ.

ಮೊದಲಿನಿಂದಲೂ ಇರುವ ಕ್ರಮವಂತೆ. ಅಂದರೆ ಅವತ್ತೂ ಇತ್ತು. ಬೂಟು ಹಾಕಿಕೊಂಡು ಬೆಸೆದು, ಮರುದಿನ ಒಂದು ಕಲಶದ ನೀರು ಚಿಮುಕಿಸಿದ್ದರೆ ನಾಗನಿಗೂ ಆಗುತ್ತಿತ್ತು, ನನ್ನ ಅಣ್ಣನಿಗೂ ಆಗುತ್ತಿತ್ತು. ಗುತ್ತಿಗೆದಾರನಿಗೆ ಸಿಕ್ಕಿದ ಮರ್ಯಾದೆ ದೊಡ್ಡಪ್ಪನ ಸ್ವಂತ ತಮ್ಮನ ಮಗನಿಗೆ ಸಿಗಲಿಲ್ಲ. ನಾನು ಅವನ ಛತ್ರಿ ಕಿತ್ತು ಗದ್ದೆಗೆ ಎಸೆದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಕೆಲಸದವರು ಗ್ಲಾಸು ಸರಿಸಿ ನೋಡಿದರು. ಅವನು ಗದ್ದೆಗಿಳಿದು ಛತ್ರಿ ಹೆಕ್ಕಿಕೊಂಡ.

ಮನೆಗೆ ಬರುವಾಗ ಮಧ್ಯಾಹ್ನ ಕಳೆದಿತ್ತು. ಹಿಂಬದಿಯ ಜಗಲಿಯ ಮೂಲೆಯಲ್ಲಿ ಅಣ್ಣನ ಮಗಳು ಒಬ್ಬಳೇ ಕುಳಿತಿದ್ದಳು. ಹದಿಮೂರು ವರ್ಷ. ಪಕ್ಕದಲ್ಲಿ ಬೇರೆಯೇ ತಟ್ಟೆ, ಬೇರೆಯೇ ಲೋಟ, ಒಂದು ಚಾಪೆ. ಎರಡು ತಿಂಗಳ ಹಿಂದಷ್ಟೇ ದೊಡ್ಡವಳಾಗಿದ್ದಳು. ನಮ್ಮ ಕೇರಿಯಲ್ಲಿ ಹೀಗೆ ಹೊರಗೆ ಕೂರುವುದನ್ನು ಎಷ್ಟೋ ಮನೆಗಳಲ್ಲಿ ಬಿಟ್ಟಾಗಿತ್ತು. ಮಳೆಯ ಎರಚಲು ಅವಳ ಕಾಲಿಗೆ ಬೀಳುತ್ತಿತ್ತು. ಒಳಗೆ ಬಾ ಎಂದು ಕೈ ಹಿಡಿಯಲು ಹೋದೆ. ಅವಳು ಗೋಡೆಗೆ ಅಂಟಿಕೊಂಡಳು.

"ಮುಟ್ಬೇಡಿ ಚಿಕ್ಕಪ್ಪ. ನೀವ್ ಮಿಷನ್ ಹಿಡಿತ್ರಿ," ಎಂದಳು.

ನಾನು ಒಳಗೆ ಹೋದೆ. ಅತ್ತಿಗೆ ಒಲೆಯ ಎದುರು ಕುಳಿತು ಗಂಜಿ ಬಸಿಯುತ್ತಿದ್ದಳು. ನಿಂತಲ್ಲೇ ಎಲ್ಲ ಹೇಳಿದೆ. ಕರೆಂಟು ಎಲ್ಲಿಂದ ಎಲ್ಲಿಗೆ ಹೋಯಿತು, ಒದ್ದೆ ಬಟ್ಟೆ ಎಂತ ಮಾಡಿತು, ಆರು ಜನ ಎಂತಕ್ಕೆ ಕೈಮುಗಿದು ನಿಂತಿದ್ದರು. ಶುದ್ಧ ಕಲಶದ ವಿಷಯ ಹೇಳಿದೆ. ಹಲಗೆಯ ವಿಷಯವನ್ನೂ ಹೇಳಿದೆ. ಅವಳು ಪಾತ್ರೆ ಕೆಳಗಿಟ್ಟು ಕೇಳಿದಳು.

"ನಿಮ್ಗೆ ಅವತ್ತೇ ಗೊತ್ತಿತ್ತಾ?"

ಗೊತ್ತಿತ್ತು ಎಂದೆ.

"ಹನ್ನೊಂದ್ ವರ್ಷ ನಾನ್ ಮುಟ್ಟಿನ ದಿನ ಲೆಕ್ಕ ಹಾಯ್ಕಂಡ್ ಕೂಕಂಡಿದ್ದೆ. ನೀವ್ ಇದೇ ಮನೆಯಗೆ ಇದ್ದಿದ್ರಿ," ಎಂದಳು. ಅವಳ ಸ್ವರ ಏರಲಿಲ್ಲ. ನಾನು ಜೀವಮಾನವಿಡೀ ಕೂಗಾಡಿದ್ದೆಲ್ಲ ಒಟ್ಟು ಸೇರಿದರೂ ಆ ಮಾತಿನಷ್ಟು ಸಿಟ್ಟು ಅದರಲ್ಲಿರಲಿಲ್ಲ. ಆಮೇಲೆ ಹಿಂಬಾಗಿಲ ಕಡೆ ಕೈ ತೋರಿಸಿದಳು. "ಅವ್ಳಿಗೂ ನಾನ್ ಅದನ್ನೇ ಹೇಳಿ ಬೆಳ್ಸಿದ್ದೆ. ನೀವೇ ಹೋಯಿ ಹೇಳಿ."

ಹೋದೆ. ಹುಡುಗಿಯ ಎದುರು ಒದ್ದೆ ನೆಲದ ಮೇಲೆಯೇ ಕುಳಿತೆ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ. ನಿನ್ನ ಅಪ್ಪ ಸತ್ತದ್ದು ನಿನ್ನ ಅಮ್ಮನಿಂದ ಅಲ್ಲ ಎಂದು ಮೊದಲು ಹೇಳಿದೆ. ಅವಳು ಕಾಲು ಒಳಗೆಳೆದುಕೊಂಡು ನನ್ನ ಕಡೆ ತಿರುಗಿದಳು.

"ಮತ್ಯಾರಿಂದ, ಚಿಕ್ಕಪ್ಪ?" ಎಂದು ಕೇಳಿದಳು.